ಹದಿನೈದರಲ್ಲಿ ಹದಿನಾಲ್ಕು ಬಿಟ್ಟವರು

ಒಂದು ಸಭೆಗೆ ಹೊಸ ಸಭಾಪಾಲಕರು ಬರ್ತಾರೆ ಅಂದ ಕೂಡಲೇ ಜನ ಕೇಳೋ ಮೊದಲ ಪ್ರಶ್ನೆ "ಪ್ರಸಂಗ ಹೇಗೆ ಮಾಡ್ತಾರೆ?" ಎರಡನೇದು, "ಯಾರ ಕಡೆಯವರು?" ಮೂರನೇದನ್ನು ಸ್ವಲ್ಪ ದನಿ ತಗ್ಗಿಸಿ ಕೇಳ್ತಾರೆ, "ಯಾವ ಜನ?" ಬಿಷಪ್ಪರ ಆಯ್ಕೆ ಅಂದರೆ ಇನ್ನೂ ಎರಡು ಸೇರುತ್ತವೆ. ಇಂಗ್ಲಿಷ್ ಹೇಗಿದೆ, ಫಾರಿನ್ ಸಂಪರ್ಕ ಎಷ್ಟಿದೆ. ಇಷ್ಟಾದರೆ ವಿಚಾರಣೆ ಮುಗಿಯಿತು. ಶಾಲು, ಹಾರ, ಫ್ಲೆಕ್ಸು, ಫೋಟೋ..

ಆ ಮನುಷ್ಯ ಸಿಟ್ಟಿನವನಾ, ಮನೆಯಲ್ಲಿ ಹೇಗಿದ್ದಾನೆ, ದುಡ್ಡಿನ ವಿಷಯದಲ್ಲಿ ಹೇಗೆ, ಅಕ್ಕಪಕ್ಕದ ಮನೆಯವರು ಅವನ ಬಗ್ಗೆ ಏನಂತಾರೆ - ಇದನ್ನು ಯಾರೂ ಕೇಳೋದಿಲ್ಲ. ಕೇಳಿದರೆ "ಅದೆಲ್ಲ ಅವರ ಪರ್ಸನಲ್ಲು ಕಣ್ರೀ" ಅನ್ನೋ ಉತ್ತರ ಸಿಗುತ್ತೆ. ಆದರೆ ಸತ್ಯವೇದ ಕೇಳೋದು ಹೆಚ್ಚುಕಡಿಮೆ ಅದನ್ನು ಮಾತ್ರ! ಇವತ್ತಿನ ನನ್ನ ತಕರಾರು ಇಷ್ಟೇ.

ಈ ಬ್ಲಾಗಿಗೆ ಬರುವ ಮಿತ್ರರಲ್ಲಿ ಬಹುಪಾಲು ಜನ ಕ್ರೈಸ್ತರಲ್ಲ ಅಂತ ಗೊತ್ತು. "ನಿಮ್ಮ ಇಗರ್ಜಿ ಜಗಳ ನಮಗ್ಯಾಕಪ್ಪಾ" ಅಂತ ಮುಂದಿನ ಬ್ಲಾಗಿಗೆ ಹೊರಟಿದ್ದರೆ ಒಂದು ನಿಮಿಷ ತಡೀರಿ. ಈ ವಿಷಯದಲ್ಲಿ ನಿಮ್ಮ ಪಾಲೂ ಇದೆ. ಯಾಕೆ ಅಂತ ಪಟ್ಟಿ ಓದಿದ ಮೇಲೆ ಹೇಳ್ತೀನಿ.

ಪಟ್ಟಿ ಏನು ಹೇಳುತ್ತೆ

ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಸಭಾಧ್ಯಕ್ಷನಾಗುವವನು ಹೇಗಿರಬೇಕು ಅಂತ ಒಂದು ಪಟ್ಟಿ ಇದೆ. (ಪೌಲನೇ ಬರೆದನೋ, ಅವನ ಹೆಸರಲ್ಲಿ ಶಿಷ್ಯರು ಬರೆದರೋ ಎಂಬ ಚರ್ಚೆ ಪಂಡಿತರಲ್ಲಿದೆ. ಅದನ್ನು ಇಲ್ಲಿ ಎಳೆಯೋದು ಬೇಡ. ಸಭೆ ಇದನ್ನು ಸತ್ಯವೇದ ಅಂತ ಒಪ್ಪಿಕೊಂಡಿದೆ, ಅಷ್ಟು ಸಾಕು.) ನನ್ನ ಮಾತಿನಲ್ಲಿ ಹೇಳೋದಾದರೆ ಆ ಪಟ್ಟಿ ಹೀಗಿದೆ:

1. ಬೆರಳು ತೋರಿಸಲು ಆಸ್ಪದ ಕೊಡದವನು
2. ಒಬ್ಬಳೇ ಹೆಂಡತಿಗೆ ನಿಷ್ಠನಾಗಿರುವವನು
3. ಯಾವುದರಲ್ಲೂ ಮಿತಿ ಮೀರದವನು
4. ವಿವೇಕಿ
5. ಮರ್ಯಾದಸ್ಥ
6. ಮನೆಗೆ ಬಂದವರನ್ನು ಉಪಚರಿಸುವವನು
7. ಕಲಿಸಬಲ್ಲವನು
8. ಕುಡುಕನಲ್ಲದವನು
9. ಕೈ ಮಾಡದವನು
10. ಮೃದು ಸ್ವಭಾವದವನು
11. ಜಗಳಗಂಟನಲ್ಲದವನು
12. ದುಡ್ಡಿನಾಸೆ ಇಲ್ಲದವನು
13. ಸ್ವಂತ ಮನೆಯನ್ನು ಚೆನ್ನಾಗಿ ನಡೆಸಿಕೊಂಡು ಹೋಗುವವನು
14. ಹೊಸದಾಗಿ ನಂಬಿಕೆಗೆ ಬಂದವನಲ್ಲದವನು
15. ಸಭೆಯ ಹೊರಗಿನವರಿಂದ ಒಳ್ಳೆಯವನು ಅನ್ನಿಸಿಕೊಂಡವನು

ಈಗ ನಿಧಾನವಾಗಿ ಇನ್ನೊಂದು ಸಲ ನೋಡಿ. ವೇದಿಕೆಯ ಮೇಲೆ ನಿಂತು ತೋರಿಸಬಹುದಾದ ಸಾಮರ್ಥ್ಯ ಅಂತ ಇರೋದು ಏಳನೇದು ಒಂದೇ. ಉಳಿದ ಹದಿನಾಲ್ಕೂ ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಬೀದಿಯಲ್ಲಿ, ಜೇಬಿನಲ್ಲಿ ಗೊತ್ತಾಗುವಂಥವು. ನಾವು ಮಾಡಿದ್ದೇನು? ಹದಿನಾಲ್ಕನ್ನು ಬಿಟ್ಟು ಏಳನೇದನ್ನು ಹಿಡಿದುಕೊಂಡ್ವಿ. ಅದನ್ನಾದರೂ ಸರಿಯಾಗಿ ಹಿಡಿದ್ವಾ ಅಂದರೆ ಅದೂ ಇಲ್ಲ. 'ಕಲಿಸಬಲ್ಲವನು' ಹೋಗಿ 'ಮೈಕಿನಲ್ಲಿ ಕಿರುಚಬಲ್ಲವನು' ಆಗಿದ್ದಾನೆ. ಕಲಿಸೋದಕ್ಕೂ ಕಿರುಚೋದಕ್ಕೂ ಇರುವ ವ್ಯತ್ಯಾಸ ಯಾವ ಮೇಷ್ಟರನ್ನು ಕೇಳಿದರೂ ಹೇಳ್ತಾರೆ.

ಈ ಪತ್ರ ಹೋಗಿದ್ದು ಎಫೆಸ ಪಟ್ಟಣಕ್ಕೆ. ಎಫೆಸ ಅಂದರೆ ಅರ್ತೆಮೀ ದೇವಿಯ ಪ್ರಸಿದ್ಧ ಗುಡಿಯಿದ್ದ ಊರು. ಬೆಳ್ಳಿಯ ಪುಟ್ಟ ಪುಟ್ಟ ಗುಡಿಗಳನ್ನು ಮಾಡಿ ಮಾರುತ್ತಿದ್ದ ಅಕ್ಕಸಾಲಿಗರು ವ್ಯಾಪಾರಕ್ಕೆ ಕುತ್ತು ಬಂತೆಂದು ಎಬ್ಬಿಸಿದ ಗಲಾಟೆಯ ಕಥೆ ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯದಲ್ಲಿದೆ. ದೇವರು ಮತ್ತು ವ್ಯಾಪಾರ ಒಂದೇ ಅಂಗಡಿಯಲ್ಲಿ ಕೂತಿದ್ದ ಊರು ಅದು. ಅಲ್ಲಿನ ಸಭೆಯೊಳಗೂ ಭಕ್ತಿಯನ್ನೇ ಲಾಭದ ದಾರಿ ಮಾಡಿಕೊಂಡವರು ಇದ್ದರು ಅಂತ ಅದೇ ಪತ್ರಿಕೆ 6ನೇ ಅಧ್ಯಾಯದಲ್ಲಿ ಹೇಳುತ್ತೆ. ಇಂಥ ಊರಲ್ಲಿ ಮುಖಂಡನನ್ನು ಆರಿಸುವಾಗ ಮಾತಿನ ಮೋಡಿಗೆ ಸಿಕ್ಕಿಬೀಳಬೇಡಿ, ಮನುಷ್ಯನನ್ನು ನೋಡಿ ಅಂತ ಬರೆದದ್ದು ಸುಮ್ಮನೆ ಅಲ್ಲ.

(ಎರಡನೇ ಅಂಶ ಹಿಡಿದುಕೊಂಡು "ನೋಡಿ, ಹೆಂಗಸರಿಗೆ ಜಾಗವೇ ಇಲ್ಲ" ಅನ್ನುವವರಿದ್ದಾರೆ. ಆ ಸಾಲಿನ ಜೀವ ಇರೋದು ನಿಷ್ಠೆಯಲ್ಲಿ, ಮೀಸೆಯಲ್ಲಲ್ಲ. ದಕ್ಷಿಣ ಭಾರತದ ಸಭೆ, ಅಂದರೆ ಸಿ.ಎಸ್.ಐ., ಹೆಣ್ಣುಮಕ್ಕಳಿಗೆ ಗುರುದೀಕ್ಷೆ ಕೊಟ್ಟಿದೆ. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಅದರ ಮೊದಲ ಮಹಿಳಾ ಬಿಷಪ್ ಆದರು. ಹಾಗಾಗಿ ಕೆಳಗೆಲ್ಲ 'ಅವನು' ಅಂತ ಬರೆದಿದ್ದರೂ ಇಬ್ಬರಿಗೂ ಸೇರಿಸಿ ಓದಿಕೊಳ್ಳಿ.)

ಊಟದ ಪರೀಕ್ಷೆ

ಆರನೇ ಅಂಶವನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ತಾರೆ. ಅತಿಥಿ ಸತ್ಕಾರ ತಾನೇ, ಕಾಫಿ ಕೊಟ್ಟರಾಯಿತು ಅಂತ. ನಮ್ಮ ದೇಶದಲ್ಲಿ ಅದು ಅಷ್ಟು ಸುಲಭ ಅಲ್ಲ ಸ್ವಾಮಿ. ಯಾರ ಜೊತೆ ಕೂತು ಉಣ್ತೀರಿ ಅನ್ನೋದು ಇಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ.

1910ರಲ್ಲಿ ಎಡಿನ್‌ಬರೋದಲ್ಲಿ ಲೋಕದ ಮಿಶನರಿಗಳೆಲ್ಲ ಸೇರಿದ ದೊಡ್ಡ ಸಮ್ಮೇಳನ ನಡೆಯಿತು. ತಿರುನೆಲ್ವೇಲಿ ಕಡೆಯ ವಿ.ಎಸ್. ಅಜರಯ್ಯ ಅಲ್ಲಿ ಮಾತಾಡಿದರು. ಆಗ ಅವರಿಗೆ ಮೂವತ್ತಾರು ವರ್ಷವೂ ತುಂಬಿರಲಿಲ್ಲ. ಬಿಳಿಯರೇ ತುಂಬಿದ್ದ ಸಭೆ. ನೀವು ನಮಗಾಗಿ ತ್ಯಾಗ ಮಾಡಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ಆದರೆ ನಮ್ಮನ್ನು ಸಮಾನರಾಗಿ ಮನೆಗೆ ಕರೆದು ಸ್ನೇಹಿತರ ಹಾಗೆ ನಡೆಸಿಕೊಂಡಿಲ್ಲ, ನಮಗೆ ಬೇಕಾಗಿರೋದು ಸ್ನೇಹ - ಇದು ಅವರ ಮಾತಿನ ಸಾರ. ಕೆಲವರಿಗೆ ಸಿಟ್ಟು ಬಂತು. ಬರಲಿ ಬಿಡಿ. ಆರನೇ ಅಂಶದಲ್ಲಿ ನೀವು ಫೇಲು ಅಂತ ಅವರು ಮುಖದ ಮೇಲೇ ಹೇಳಿದ್ದರು. 1912ರಲ್ಲಿ ಅದೇ ಅಜರಯ್ಯ ದೋರ್ನಕಲ್‌ನ ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ. ಅವರ ಜನರಲ್ಲಿ ಹೆಚ್ಚಿನವರು ತೆಲುಗು ನಾಡಿನ ಮಾಲ, ಮಾದಿಗ ಕುಟುಂಬದವರು. ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗಿದರು. 1945ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿಯ ಬಿಷಪ್ಪರೇ.

ಅಂದು ಬಿಳಿಯರನ್ನು ಕೇಳಿದ ಪ್ರಶ್ನೆಯನ್ನು ಇಂದು ನಮ್ಮವರನ್ನೇ ಕೇಳಬೇಕಾಗಿದೆ. ದಲಿತ ಕ್ರೈಸ್ತರನ್ನು ಬೇರೆ ಜಾಗದಲ್ಲಿ ಹೂಳುವ ಊರುಗಳು ತಮಿಳುನಾಡಿನಲ್ಲಿ ಇವೆ. ನಮ್ಮ ಕರಾವಳಿಯ ಕ್ಯಾಥೋಲಿಕರಲ್ಲಿ ಬಾಮಣ್, ಚಾರ್ಡಿ ಅನ್ನೋ ಲೆಕ್ಕ ಮದುವೆ ಮಾತುಕತೆ ಬಂದಾಗ ಇನ್ನೂ ತಲೆ ಎತ್ತುತ್ತೆ. ಪ್ರಾಟೆಸ್ಟೆಂಟರು ನಗಬೇಕಾಗಿಲ್ಲ, ನಮ್ಮ ಚುನಾವಣೆಗಳಲ್ಲಿ ಪ್ಯಾನೆಲ್ ಕಟ್ಟೋದೇ ಜಾತಿ ಮತ್ತು ಊರಿನ ಮೇಲೆ. ಕರ್ತನ ಭೋಜನದಲ್ಲಿ ಒಂದೇ ಬಟ್ಟಲು, ಆರಾಧನೆ ಮುಗಿಸಿ ಹೊರಗೆ ಬಂದ ಕೂಡಲೇ ಬೇರೆ ಬೇರೆ ಪಂಕ್ತಿ! ಇದನ್ನು ನೋಡಿ ಸುಮ್ಮನಿರುವವನು, ಅದಕ್ಕಿಂತ ಹೆಚ್ಚಾಗಿ ಅದರಿಂದಲೇ ಓಟು ಗಳಿಸುವವನು, ಎಷ್ಟೇ ಚಂದ ಪ್ರಸಂಗ ಮಾಡಲಿ, ಆರನೇ ಅಂಶದಲ್ಲೇ ಹೊರಗೆ ಬಿದ್ದ.

ಹಣದ ಪರೀಕ್ಷೆ

ಪೌಲ ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಕಾಣಿಕೆ ಎತ್ತಿದ. ಆ ದುಡ್ಡನ್ನು ಹೇಗೆ ಸಾಗಿಸಿದ ಗೊತ್ತಾ? ಒಬ್ಬನೇ ಹಿಡಿದುಕೊಂಡು ಹೋಗಲಿಲ್ಲ. ಸಭೆಗಳೇ ಆರಿಸಿದ ಮನುಷ್ಯನನ್ನು ಜೊತೆಗೆ ಸೇರಿಸಿಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ಮಾತಾಡಬಾರದು, ದೇವರ ಮುಂದೆ ಮಾತ್ರ ಅಲ್ಲ ಮನುಷ್ಯರ ಕಣ್ಣಿಗೂ ಸರಿಯಾಗಿರಬೇಕು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ (ಕೊರಿಂಥದವರಿಗೆ ಎರಡನೆಯ ಪತ್ರಿಕೆ, 8ನೇ ಅಧ್ಯಾಯ). ಪೌಲನಂಥ ಪೌಲನಿಗೇ ಲೆಕ್ಕಕ್ಕೆ ಸಾಕ್ಷಿ ಬೇಕಾಗಿತ್ತು. ಇವತ್ತು ಲೆಕ್ಕ ಕೇಳಿದರೆ "ದೇವರ ಸೇವಕನನ್ನೇ ಅನುಮಾನಿಸ್ತೀಯಾ?" ಅನ್ನೋ ಉತ್ತರ.

ನಮ್ಮ ಹಳೇ ಸಭೆಗಳಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆ ಎಲ್ಲ ಮಾಡಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಅವರಲ್ಲೊಬ್ಬರಾದ ಹರ್ಮನ್ ಮೋಗ್ಲಿಂಗ್ ಕೈಯಿಂದ. ಬೇರೆ ಮಿಶನ್ನುಗಳೂ ಹೀಗೇ. ಊರಾಚೆ ಅಂತ ಅವತ್ತು ಕೊಂಡ ಜಾಗಗಳು ಇವತ್ತು ನಗರದ ಹೃದಯದಲ್ಲಿವೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸಿ.ಎಸ್.ಐ. ಹುಟ್ಟಿದ ಮೇಲೆ ಇಂಥ ಎಷ್ಟೋ ಶಾಲೆ, ಆಸ್ಪತ್ರೆ, ಮೈದಾನ, ಬಂಗಲೆಗಳ ಉಸ್ತುವಾರಿ ನಮ್ಮವರ ಕೈಗೆ ಬಂತು. ಹಾಗಾಗಿ ಬಿಷಪ್ ಅಂದರೆ ಕುರುಬನಷ್ಟೇ ಅಲ್ಲ, ಭಾರಿ ಆಸ್ತಿಯ ಮೇಲೆ ಕೂತವನು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಕೋರ್ಟಿನಲ್ಲಿರುವ ಸಭಾ ವ್ಯಾಜ್ಯಗಳ ಕಡತ ತೆಗೆದರೆ ದೇವತಾಶಾಸ್ತ್ರದ ಜಗಳ ಸಿಗೋದು ಅಪರೂಪ. ಸರ್ವೆ ನಂಬರಿನ ಜಗಳ, ಚುನಾವಣೆಯ ಜಗಳ ಬೇಕಾದಷ್ಟು.

2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಜಬಲ್ಪುರದ ಬಿಷಪ್ಪರನ್ನು ಬಂಧಿಸಿತು. ಆಗ ಅವರು ಉತ್ತರ ಭಾರತದ ಸಭೆಯ (ಸಿ.ಎನ್.ಐ.) ಮುಖ್ಯಸ್ಥ, ಅಂದರೆ ಮಾಡರೇಟರ್. ಶಾಲೆಗಳ ದುಡ್ಡನ್ನು ಬೇರೆ ಕಡೆ ತಿರುಗಿಸಿದರು ಅನ್ನೋದು ಆರೋಪ. ಮನೆ ಶೋಧಿಸಿದಾಗ ಕೋಟಿಗೂ ಮೀರಿದ ನಗದು ಸಿಕ್ಕಿತು ಅಂತ ಪೊಲೀಸರು ಹೇಳಿದರು. ತಪ್ಪಿತಸ್ಥರೋ ಅಲ್ಲವೋ ಅನ್ನೋದು ಕೋರ್ಟಿಗೆ ಬಿಟ್ಟದ್ದು, ನಾನು ತೀರ್ಪು ಕೊಡೋದಿಲ್ಲ. ನನ್ನ ಪ್ರಶ್ನೆಯೇ ಬೇರೆ. ಸಭೆಯ ದುಡ್ಡಿನ ಬಗ್ಗೆ ಪ್ರಶ್ನೆ ಎದ್ದಾಗ ಮೊದಲು ಬಾಗಿಲು ತಟ್ಟಿದವರು ಪೊಲೀಸರು ಯಾಕೆ ಆಗಬೇಕು? ಅಷ್ಟು ವರ್ಷ ಸಭೆಯ ಹಿರಿಯರು, ಖಜಾಂಚಿಗಳು, ಆಡಿಟರುಗಳು ಎಲ್ಲಿದ್ದರು? ಹನ್ನೆರಡನೇ ಅಂಶವನ್ನು ಪರೀಕ್ಷಿಸೋದು ಸಭೆಯ ಕೆಲಸ. ಅದು ಮಾಡದಿದ್ದರೆ ಸರ್ಕಾರ ಮಾಡುತ್ತೆ.

ಗಂಟಲಿನ ಮೋಡಿ

ಏಳನೇ ಅಂಶ ಒಂದರಿಂದಲೇ ಮನುಷ್ಯನನ್ನು ಅಳೆದರೆ ಏನಾಗುತ್ತೆ ಅನ್ನೋದಕ್ಕೆ ರವಿ ಜಕರಾಯಸ್‌ಗಿಂತ ದೊಡ್ಡ ಉದಾಹರಣೆ ಬೇಡ. 1946ರಲ್ಲಿ ಮದರಾಸಿನಲ್ಲಿ ಹುಟ್ಟಿ, ದೆಹಲಿಯಲ್ಲಿ ಬೆಳೆದು, ಕೆನಡಾ ಮತ್ತು ಅಮೆರಿಕಾಗೆ ಹೋಗಿ ಲೋಕಪ್ರಸಿದ್ಧರಾದವರು. ಬೆಂಗಳೂರಿನ ಎಷ್ಟೋ ಇಂಗ್ಲಿಷ್ ಓದಿದ ಕ್ರೈಸ್ತ ಹುಡುಗರಿಗೆ ಅವರ ವೀಡಿಯೋಗಳೇ ಗುರುಕುಲ. ನಾಸ್ತಿಕರ ಪ್ರಶ್ನೆಗೆ ನಿಂತ ನಿಲುವಿನಲ್ಲೇ ಉತ್ತರ ಕೊಡ್ತಿದ್ದರು. 2020ರ ಮೇ ತಿಂಗಳಲ್ಲಿ ತೀರಿಕೊಂಡಾಗ ಅಮೆರಿಕಾದ ಆಗಿನ ಉಪಾಧ್ಯಕ್ಷರೇ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದರು.

2021ರ ಫೆಬ್ರವರಿಯಲ್ಲಿ ಅವರದೇ ಸಂಸ್ಥೆ ನೇಮಿಸಿದ್ದ ವಕೀಲರ ತನಿಖಾ ವರದಿ ಹೊರಬಂತು. ಮಸಾಜ್ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳ ಮೇಲೆ ವರ್ಷಗಟ್ಟಲೆ ನಡೆದ ಲೈಂಗಿಕ ದುರ್ವರ್ತನೆ ಅದರಲ್ಲಿತ್ತು. ಒಬ್ಬಾಕೆ ಅದನ್ನು ಅತ್ಯಾಚಾರ ಎಂದೇ ಹೇಳಿದ್ದಳು. ಅದಕ್ಕೂ ಮುಂಚೆ, 2017ರಲ್ಲೇ, ಕೆನಡಾದ ಒಬ್ಬ ಹೆಣ್ಣುಮಗಳು ಬಾಯಿಬಿಟ್ಟಿದ್ದಳು. ಆಗ ಸಂಸ್ಥೆಯವರು ನಂಬಿದ್ದು ತಮ್ಮ ಭಾಷಣಕಾರನನ್ನು. ಆಕೆಯ ಮಾತಿಗೆ ಬೆಲೆ ಸಿಗಲಿಲ್ಲ.

ಅದೇ 2017ರಲ್ಲಿ ಇನ್ನೊಂದು ಸಣ್ಣ ವಿಷಯವೂ ಬಯಲಾಗಿತ್ತು. ಅವರ ಹೆಸರಿನ ಹಿಂದೆ ಬರುತ್ತಿದ್ದ 'ಡಾಕ್ಟರ್' ಓದಿ ಪಡೆದದ್ದಲ್ಲ, ಗೌರವ ಡಾಕ್ಟರೇಟ್. ಇದನ್ನು ಜನ "ಅಯ್ಯೋ ಬಿಡ್ರೀ, ಏನಾಯ್ತೀಗ" ಅಂತ ತಳ್ಳಿಹಾಕಿದರು. ನನಗೆ ಅಲ್ಲೇ ಎಚ್ಚರಿಕೆಯ ಗಂಟೆ ಕೇಳಿಸುತ್ತೆ. ಇಲ್ಲದ ಹಿರಿಮೆಯನ್ನು ಹೆಸರಿಗೆ ಅಂಟಿಸಿಕೊಳ್ಳಲು ಮನಸ್ಸು ಒಪ್ಪಿತು ಅಂದರೆ ಸತ್ಯದ ಜೊತೆ ರಾಜಿ ಆಗಲೇ ಶುರುವಾಗಿದೆ. ಈಗ ನಮ್ಮ ಕರ್ನಾಟಕದ ಸುವಾರ್ತಾ ಕೂಟಗಳ ಪೋಸ್ಟರ್ ನೋಡಿ. ಎಷ್ಟು 'ಡಾ.'ಗಳು! ಯಾವ ವಿಶ್ವವಿದ್ಯಾಲಯ, ಯಾವ ವಿಷಯ, ಗೈಡ್ ಯಾರು ಅಂತ ಒಮ್ಮೆ ಕೇಳಿ ನೋಡಿ. ಅದರ ಮೇಲೆ 'ಅಪೊಸ್ತಲ', 'ಪ್ರವಾದಿ' ಬೇರೆ. ಪಟ್ಟಿಯಲ್ಲಿರೋ ಹದಿನೈದರಲ್ಲಿ ಪದವಿ ಒಂದೂ ಇಲ್ಲ ಅನ್ನೋದು ನೆನಪಿರಲಿ.

ಅರ್ಧ ವಾಕ್ಯದ ರೋಗ

ಇಂಥ ಮಾತೆತ್ತಿದ ಕೂಡಲೇ ಬಾಯಿ ಮುಚ್ಚಿಸೋಕೆ ಮೂರು ವಾಕ್ಯಗಳು ಸಿದ್ಧವಾಗಿರ್ತವೆ. ಮೂರೂ ಅರ್ಧರ್ಧ. ಒಂದೊಂದಾಗಿ ನೋಡೋಣ.

ಒಂದು: ದೇವರ ಅಭಿಷಿಕ್ತನನ್ನು ಮುಟ್ಟಬಾರದು. ಇದು 105ನೇ ಕೀರ್ತನೆಯ ಮಾತು. ಪೂರ್ತಿ ಓದಿ. ಅಲ್ಲಿ ಅಭಿಷಿಕ್ತರು ಅಂದರೆ ಅಬ್ರಹಾಮ, ಇಸಾಕ, ಯಾಕೋಬರ ಮನೆಯವರು. ಎಣಿಕೆಗೆ ಸಿಗುವಷ್ಟೇ ಜನ, ಸ್ವಂತ ನೆಲವಿಲ್ಲದೆ ಊರಿಂದೂರಿಗೆ ಅಲೆಯುತ್ತಿದ್ದ ಪರದೇಶಿಗಳು. ದೇವರು ಗದರಿಸಿದ್ದು ಅವರನ್ನು ತುಳಿಯಬಹುದಾಗಿದ್ದ ರಾಜರನ್ನು! ದಿಕ್ಕಿಲ್ಲದವರಿಗೆ ಕೊಟ್ಟ ರಕ್ಷಣೆಯನ್ನು ಕಾರು ಬಂಗಲೆ ಇರೋರು ಕಿತ್ತುಕೊಂಡು ಹೊದ್ದುಕೊಂಡಿದ್ದಾರೆ. ದಾವೀದ ಸೌಲನನ್ನು ಕೊಲ್ಲಲಿಲ್ಲ, ನಿಜ. ಆದರೆ ಸುಮ್ಮನಿದ್ದನಾ? ಸೌಲನ ಸೈನ್ಯದವರೆಲ್ಲ ಕೇಳುವ ಹಾಗೆ ದೂರದಿಂದ ಕೂಗಿ, ನನ್ನ ತಪ್ಪೇನು ಹೇಳು ಅಂತ ಕೇಳಿದ. ಮುಂದೆ ದಾವೀದನೇ ಅಭಿಷಿಕ್ತ ಅರಸನಾಗಿ ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿದಾಗ ಪ್ರವಾದಿ ನಾತಾನ ಅರಮನೆಗೇ ಹೋಗಿ ಆ ಮನುಷ್ಯ ನೀನೇ ಅಂದುಬಿಟ್ಟ.

ಎರಡು: ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬಾರದು. ಇದು ಅದೇ ತಿಮೊಥೆಯನ ಪತ್ರಿಕೆಯ 5ನೇ ಅಧ್ಯಾಯ, 19ನೇ ವಚನ. ಒಳ್ಳೇ ನಿಯಮ, ಚಾಡಿಗೆ ತಡೆ. ಆದರೆ 20ನೇ ವಚನ ಯಾಕೆ ಓದಲ್ಲ? ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಖಂಡಿಸು, ಉಳಿದವರಿಗೂ ಭಯ ಬರಲಿ ಅನ್ನೋದು ಅದರ ಸಾರ. ಮುಚ್ಚಿದ ಕೋಣೆಯಲ್ಲಿ ಕಾಫಿ ಕುಡಿದು ಬೇರೆ ಊರಿಗೆ ವರ್ಗ ಮಾಡು ಅಂತ ಎಲ್ಲೂ ಇಲ್ಲ. ಹತ್ತೊಂಬತ್ತು ಇವರಿಗೆ ಬಾಯಿಪಾಠ, ಇಪ್ಪತ್ತು ಅವರ ಪುಸ್ತಕದಲ್ಲಿ ಅಚ್ಚೇ ಆಗಿಲ್ಲವೇನೋ!

ಮೂರನೇದು ಓದಿಕೊಂಡವರ ವಾದ. ಪಾದ್ರಿ ಕೆಟ್ಟವನಾದರೂ ಅವನು ಕೊಡುವ ಸಂಸ್ಕಾರ ಕೆಡೋದಿಲ್ಲ, ಹಾಗಾಗಿ ಅವನ ನಡತೆ ನಮಗೆ ಯಾಕೆ? ಇದಕ್ಕೆ ಹಳೇ ಹಿನ್ನೆಲೆ ಇದೆ. ಹಿಂಸೆಯ ಕಾಲದಲ್ಲಿ ಹೆದರಿ ಶಾಸ್ತ್ರಗ್ರಂಥಗಳನ್ನು ಒಪ್ಪಿಸಿಬಿಟ್ಟ ಬಿಷಪ್ಪರ ಕೈಯಿಂದ ಪಡೆದ ದೀಕ್ಷೆ ನಡೆಯೋದಿಲ್ಲ ಅಂತ ಉತ್ತರ ಆಫ್ರಿಕಾದ ದೊನಾತಿಸ್ಟರು ಹಟ ಹಿಡಿದರು. ಸಂಸ್ಕಾರ ಕ್ರಿಸ್ತನದು, ಪಾದ್ರಿಯದಲ್ಲ ಅಂತ ಸಂತ ಅಗಸ್ಟೀನ್ ವಾದಿಸಿದರು. ಸರಿಯಾಗಿಯೇ ವಾದಿಸಿದರು. ದೀಕ್ಷಾಸ್ನಾನ ಪಡೆದ ಮಗುವಿಗೆ ಪಾದ್ರಿಯ ಪಾಪದ ಶಿಕ್ಷೆ ಯಾಕೆ? ಸಿ.ಎಸ್.ಐ.ಗೆ ಹರಿದುಬಂದ ಪರಂಪರೆಗಳಲ್ಲಿ ಒಂದು ಆಂಗ್ಲಿಕನ್. ಆ ಸಭೆಯ 39 ವಿಧಿಗಳಲ್ಲಿ 26ನೇದು ಇದನ್ನೇ ಹೇಳುತ್ತೆ. ಆದರೆ ಅದೇ ವಿಧಿ ಅಲ್ಲಿಗೆ ನಿಲ್ಲೋದಿಲ್ಲ. ಕೆಟ್ಟ ಸೇವಕರ ಬಗ್ಗೆ ವಿಚಾರಣೆ ನಡೆಸಬೇಕು, ಗೊತ್ತಿರುವವರು ದೂರು ಕೊಡಬೇಕು, ತಪ್ಪು ರುಜುವಾತಾದರೆ ಪದವಿಯಿಂದ ಇಳಿಸಬೇಕು ಅಂತ ಮುಗಿಯುತ್ತೆ. ಹದಿನಾರನೇ ಶತಮಾನದವರಿಗೇ ಇಷ್ಟು ಸ್ಪಷ್ಟವಾಗಿತ್ತು.

ಇವುಗಳ ಜೊತೆ ನಾಲ್ಕನೇದೊಂದು ಸದಾ ಬರುತ್ತೆ, "ಕ್ಷಮಿಸಬೇಕಲ್ವಾ ಬ್ರದರ್?" ಖಂಡಿತ ಕ್ಷಮಿಸಬೇಕು. ಕ್ಷಮಿಸಿದ ಮೇಲೆ ಅವನು ಹಿಂದಿನ ಬೆಂಚಿನಲ್ಲಿ ಕೂತು ನಮ್ಮ ಜೊತೆ ಹಾಡಬಹುದು. ಬ್ಯಾಂಕಿನ ಕ್ಯಾಷಿಯರ್ ದುಡ್ಡು ಕದ್ದು ಪಶ್ಚಾತ್ತಾಪಪಟ್ಟರೆ ಕ್ಷಮಿಸೋಣ, ಆದರೆ ಮರುದಿನ ಬೀಗದ ಕೈ ಅವನಿಗೇ ಕೊಡ್ತೀವಾ? ಕ್ಷಮೆ ಎಲ್ಲರಿಗೂ ಉಚಿತ. ಪದವಿ ಯಾರ ಹಕ್ಕೂ ಅಲ್ಲ.

"ನಾನೇನೂ ಮಾಡಿಲ್ಲ" ಅಂದರೆ ಸಾಲದು

ಮುಖಂಡ ತಾನೇ ತಪ್ಪು ಮಾಡಿರಬೇಕಾಗಿಲ್ಲ, ಬೆನ್ನು ಹತ್ತಿ ವಿಚಾರಿಸದೆ ಬಿಟ್ಟರೂ ಸಾಕು. ಇಂಗ್ಲೆಂಡಿನಲ್ಲಿ ಜಾನ್ ಸ್ಮಿತ್ ಅನ್ನೋ ವಕೀಲ ಕ್ರೈಸ್ತ ಶಿಬಿರಗಳ ಹೆಸರಲ್ಲಿ ಹುಡುಗರನ್ನು ಕರೆದು ರಕ್ತ ಬರುವ ಹಾಗೆ ಹೊಡೆಯುತ್ತಿದ್ದ. 1982ರಲ್ಲೇ ಕೆಲವು ಸಭಾಮುಖಂಡರಿಗೆ ಗೊತ್ತಾಗಿತ್ತು, ಮುಚ್ಚಿಟ್ಟರು. ಅವನು ಆಫ್ರಿಕಾಗೆ ಹೋಗಿ ಅಲ್ಲೂ ಅದನ್ನೇ ಮಾಡಿದ. 2018ರಲ್ಲಿ ಯಾವ ಶಿಕ್ಷೆಯೂ ಇಲ್ಲದೆ ಸತ್ತ. 2024ರ ನವೆಂಬರಿನಲ್ಲಿ ಬಂದ ಮೇಕಿನ್ ವರದಿ ಸಂತ್ರಸ್ತರ ಸಂಖ್ಯೆಯನ್ನು ನೂರಕ್ಕೂ ಹೆಚ್ಚು ಅಂದಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಗೆ 2013ರಲ್ಲಿ ವಿಷಯ ತಿಳಿದಿದ್ದರೂ ಕೊನೇ ತನಕ ಬೆನ್ನು ಹತ್ತಲಿಲ್ಲ ಅಂತ ಹೇಳಿತು. ಕೆಲವೇ ದಿನಗಳಲ್ಲಿ, ನವೆಂಬರ್ 12ರಂದು, ಅವರು ರಾಜೀನಾಮೆ ಘೋಷಿಸಿದರು. ಅವರು ಯಾರಿಗೂ ಒಂದೇಟು ಹೊಡೆದವರಲ್ಲ. ಆದರೆ ಕುರುಬ ಅನ್ನಿಸಿಕೊಂಡವನು ತೋಳದ ಸುದ್ದಿ ಕೇಳಿ "ನೋಡೋಣ" ಅಂದರೆ ಆಗೋದಿಲ್ಲ.

ಕ್ಯಾಥೋಲಿಕ್ ಸಭೆಯ ಕಾನೂನು ಸಂಹಿತೆಯ 378ನೇ ವಿಧಿಯಲ್ಲೂ ಬಿಷಪ್ಪನಿಗೆ ವಿಶ್ವಾಸ, ನಡತೆ, ವಿವೇಕ, ಒಳ್ಳೆಯ ಹೆಸರು ಬೇಕು ಅಂತ ಬರೆದಿದೆ. ಆಯ್ಕೆಗೆ ಮುಂಚೆ ಗುಟ್ಟಾಗಿ ಹಲವರ ಅಭಿಪ್ರಾಯವನ್ನೂ ಕೇಳ್ತಾರೆ. ಬಿಷಪ್ಪರ ಮೇಲಿನ ದೂರುಗಳಿಗೆ ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊಸ ನಿಯಮವನ್ನೂ ತಂದರು. ಅಂದರೆ ಬರವಣಿಗೆಯಲ್ಲಿ ಯಾವ ಸಭೆಯಲ್ಲೂ ಕೊರತೆ ಇಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನೋದೇ ರೋಗ. ಸ್ವತಂತ್ರ ಸಭೆಗಳಲ್ಲಂತೂ ಶಾಸ್ತ್ರ ಹೇಳೋರೂ ಇಲ್ಲ. ಅಪ್ಪ ಸ್ಥಾಪಕ, ಅಮ್ಮ ಖಜಾಂಚಿ, ಮಗ ಉತ್ತರಾಧಿಕಾರಿ, ಅಳಿಯ ಟ್ರಸ್ಟಿ. ಅಲ್ಲಿ ಯಾರು ಯಾರನ್ನು ಕೇಳಬೇಕು?

"ಈಗ ಇದೆಲ್ಲ ಬೇಕಿತ್ತಾ?"

ನನಗೆ ಎದುರಾಗುವ ಅತಿ ಗಟ್ಟಿ ಪ್ರಶ್ನೆ ಇದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿ ನಡೆಯಿತು. 2022ರಲ್ಲಿ ಮತಾಂತರ ಕಾಯ್ದೆ ಬಂತು. ಪ್ರಾರ್ಥನೆಗೆ ಕೂತವರ ಮನೆ ಬಾಗಿಲಿಗೆ ಗುಂಪು ಬರುವ ಕಾಲದಲ್ಲಿ ನಮ್ಮ ಕೊಳೆಬಟ್ಟೆಯನ್ನು ನಾವೇ ಬೀದಿಯಲ್ಲಿ ಒಗೆಯಬೇಕಾ? ವಿರೋಧಿಗಳ ಕೈಗೆ ನಾವೇ ಕೋಲು ಕೊಡಬೇಕಾ?

ಈ ಭಯ ಸುಳ್ಳಲ್ಲ. ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಹದಿನೈದನೇ ಅಂಶ ಬರೆದಾಗ ಕ್ರೈಸ್ತರ ಸ್ಥಿತಿ ಹೇಗಿತ್ತು ನೋಡಿ. ರೋಮ್ ಸಾಮ್ರಾಜ್ಯದಲ್ಲಿ ಬೆರಳೆಣಿಕೆಯ ಜನ, ಅನುಮಾನದ ಕಣ್ಣು, ಕೈಯಲ್ಲಿ ಯಾವ ಅಧಿಕಾರವೂ ಇಲ್ಲ. ಹೊರಗಿನವರು ನಮ್ಮ ವಿರೋಧಿಗಳು, ಅವರ ಮಾತಿಗೆ ಕಿವಿಗೊಡಬೇಡಿ ಅಂತ ಆಗ ಬರೆಯಬಹುದಿತ್ತಲ್ಲ? ಬರೆದದ್ದು ಅದಕ್ಕೆ ತದ್ವಿರುದ್ಧ. ಹೊರಗಿನವರು ಒಳ್ಳೆಯವನು ಅನ್ನದವನನ್ನು ಮುಖಂಡನನ್ನಾಗಿ ಮಾಡಲೇಬೇಡಿ! ಅಲ್ಪಸಂಖ್ಯಾತರ ಮುಖಂಡನಿಗೆ ಊರಿನ ಸರ್ಟಿಫಿಕೇಟು ಬೇಕು ಅಂತ ಆ ಕಷ್ಟದ ಕಾಲದಲ್ಲೇ ತೀರ್ಮಾನ ಮಾಡಿದ್ದರು. ವಿರೋಧಿಗಳಿಗೆ ಕೋಲು ಕೊಡೋದು ದುಡ್ಡು ಮುಚ್ಚಿಟ್ಟವನು, ಹೆಣ್ಣುಮಗಳ ದೂರನ್ನು ಡ್ರಾಯರಿನಲ್ಲಿ ಹಾಕಿದವನು. ಅದನ್ನು ಕಂಡು ಕೂಗಿದವನ ಮೇಲೆ ಯಾಕೆ ಸಿಟ್ಟು?

ಶುರುವಿನಲ್ಲಿ ನಿಮ್ಮ ಪಾಲು ಇದೆ ಅಂದೆನಲ್ಲ ಬ್ಲಾಗಿಗ ಮಿತ್ರರೇ, ಅದು ಇದೇ. ಹದಿನೈದನೇ ಅಂಶದಲ್ಲಿ ನಮ್ಮ ಮುಖಂಡರಿಗೆ ಮಾರ್ಕು ಕೊಡಬೇಕಾದವರು ನೀವು. ಪಕ್ಕದ ಮನೆಯ ಗೌಡರು, ಎದುರಿನ ಅಂಗಡಿಯ ಸಾಬರು, ಹಾಲು ಹಾಕುವ ಹುಡುಗ, ಆಟೋ ಸ್ಟ್ಯಾಂಡಿನವರು. ನಿಮಗೂ ನಿಮ್ಮ ಮಠ, ನಿಮ್ಮ ಮಸೀದಿ, ನಿಮ್ಮ ಪಕ್ಷಗಳಿಗೆ ಈ ಪಟ್ಟಿ ಬೇಕಾದರೆ ಧಾರಾಳವಾಗಿ ತಗೊಳ್ಳಿ, ಕಾಪಿರೈಟ್ ಇಲ್ಲ.

ಇನ್ನು "ಪೇತ್ರ ಯೇಸುವನ್ನೇ ಅರಿಯೆ ಅಂದ, ಪೌಲ ಸಭೆಯನ್ನೇ ಹಿಂಸಿಸಿದ, ಯಾರು ಪರಿಪೂರ್ಣರು?" ಅನ್ನೋ ಮಾತು. ಪಟ್ಟಿ ಪರಿಪೂರ್ಣರನ್ನು ಕೇಳ್ತಾ ಇಲ್ಲ, ಪರೀಕ್ಷೆಗೆ ನಿಂತವರನ್ನು ಕೇಳ್ತಾ ಇದೆ. ಪೇತ್ರನ ಕಥೆಯನ್ನೂ ಪೂರ್ತಿ ಓದಿ. ಅಂತಿಯೋಕ್ಯದಲ್ಲಿ ಅವನು ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನವರು ಬಂದ ಕೂಡಲೇ ಪಂಕ್ತಿ ಬಿಟ್ಟು ಎದ್ದ. ಪೌಲ ಎಲ್ಲರ ಮುಂದೆಯೇ ಮುಖಾಮುಖಿ ಖಂಡಿಸಿದ (ಗಲಾತ್ಯ, 2ನೇ ಅಧ್ಯಾಯ). ಸಭೆಯ ಬಹುದೊಡ್ಡ ಮುಖಂಡನಿಗೆ ಬಹಿರಂಗ ತರಾಟೆ, ಅದೂ ಊಟದ ವಿಷಯಕ್ಕೆ! ಸಭೆ ಅದನ್ನು ಬಚ್ಚಿಡದೆ ಸತ್ಯವೇದದಲ್ಲೇ ಉಳಿಸಿಕೊಂಡಿತು. ನಮ್ಮಲ್ಲಾಗಿದ್ದರೆ ಆ ಪತ್ರ ಪ್ರಿಂಟಿಗೆ ಹೋಗುತ್ತಿತ್ತಾ?

ಅದಕ್ಕೆ ವಿರುದ್ಧವಾದವನೂ ಸತ್ಯವೇದದಲ್ಲಿದ್ದಾನೆ. ಯೋಹಾನನ ಮೂರನೆಯ ಪತ್ರಿಕೆಯಲ್ಲಿ ಬರುವ ದಿಯೊತ್ರೇಫ. ಎಲ್ಲದರಲ್ಲೂ ತಾನೇ ಮೊದಲಿರಬೇಕು ಅನ್ನುವವನು. ಬಂದ ಸಹೋದರರನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡವರನ್ನೂ ಸಭೆಯಿಂದ ಹೊರಹಾಕ್ತಾನೆ. ಅವನ ಮೇಲೆ ಕಳ್ಳತನದ ಆರೋಪ ಇಲ್ಲ, ದುರ್ಬೋಧನೆಯ ಆರೋಪವೂ ಇಲ್ಲ. ಮೊದಲ ಕುರ್ಚಿಯ ಆಸೆ ಒಂದೇ ಅವನ ಹೆಸರು ಕೆಡಿಸೋಕೆ ಸಾಕಾಯಿತು.

ಹಾಗಾದರೆ ಮಾಡೋದೇನು

ಬೈದು ಹೋಗೋದು ಸುಲಭ. ಹಾಗಾಗಿ ನನ್ನ ಬೇಡಿಕೆಗಳನ್ನೂ ಬರೆದುಬಿಡ್ತೀನಿ.

- ಆಯ್ಕೆಗೆ ಮುಂಚೆ ಆ ಮನುಷ್ಯ ಹಿಂದೆ ಇದ್ದ ಊರುಗಳಿಗೆ ಇಬ್ಬರು ಹೋಗಿ ಬರಲಿ. ಸಭೆಯವರನ್ನು ಮಾತ್ರ ಅಲ್ಲ, ನೆರೆಮನೆಯವರನ್ನು, ಡ್ರೈವರನ್ನು, ಗಂಟೆ ಹೊಡೆಯುವವನನ್ನು, ಅಡುಗೆಯಾಕೆಯನ್ನು ಮಾತಾಡಿಸಲಿ. ಮೇಲಿನವರ ಮುಂದೆ ಎಲ್ಲರೂ ಸಾಧುಗಳೇ. ಕೆಳಗಿನವರ ಜೊತೆ ಹೇಗಿದ್ದ ಅನ್ನೋದು ಬೇಕು.
- ಕಾಣಿಕೆ ಮತ್ತು ಖರ್ಚಿನ ಲೆಕ್ಕ ಪ್ರತಿ ತಿಂಗಳು ನೋಟೀಸು ಬೋರ್ಡಿಗೆ ಬರಲಿ. ಚೆಕ್ಕಿಗೆ ಎರಡು ಸಹಿ ಇರಲಿ, ಎರಡನೇ ಸಹಿ ಹೆಂಡತಿಯದೋ ಮಗನದೋ ಆಗದಿರಲಿ.
- ಹೆಣ್ಣುಮಕ್ಕಳ, ಮಕ್ಕಳ ದೂರು ಕೇಳುವ ಸಮಿತಿಯಲ್ಲಿ ಪಾದ್ರಿಗಳೇ ತುಂಬಿರಬಾರದು. ಸಭೆಯ ಹೊರಗಿನ ಒಬ್ಬ ವಕೀಲೆ ಇರಲೇಬೇಕು. ಅಪರಾಧವಾದರೆ ನೇರ ಪೊಲೀಸಿಗೆ.
- ಸಭಾಸೇವಕರನ್ನು ಮೊದಲು ಪರೀಕ್ಷೆ ಮಾಡಿ ಆಮೇಲೆ ಕೆಲಸ ಕೊಡಿ ಅಂತ ಅದೇ 3ನೇ ಅಧ್ಯಾಯದಲ್ಲಿದೆ. ಅವಸರದಿಂದ ಯಾರ ತಲೆಯ ಮೇಲೂ ಕೈ ಇಡಬೇಡ ಅಂತ 5ನೇ ಅಧ್ಯಾಯದಲ್ಲಿದೆ. ನಿಧಾನ ಮಾಡಿ. ಬಿಷಪ್ ಇಲ್ಲದೆ ಒಂದು ವರ್ಷ ಹೋದರೆ ಸಭೆ ಸಾಯೋದಿಲ್ಲ. ಕೆಟ್ಟ ಬಿಷಪ್ಪಿನಿಂದ ಹತ್ತು ವರ್ಷ ನರಳುತ್ತೆ.

ಇಷ್ಟಕ್ಕೆಲ್ಲ ತಕ್ಕವರು ಎಲ್ಲಿದ್ದಾರೆ ಅಂತ ಕೇಳಬೇಡಿ. ಇದ್ದಾರೆ. ಹಳ್ಳಿಯ ಸಣ್ಣ ಸಭೆಗಳಲ್ಲಿ, ತಿಂಗಳ ಕೊನೆಗೆ ಮುಗಿದುಹೋಗುವ ಸಂಬಳದಲ್ಲಿ, ಹಳೇ ಬೈಕಿನಲ್ಲಿ ಓಡಾಡಿಕೊಂಡು, ಸತ್ತವರ ಮನೆಯಲ್ಲಿ ಮೊದಲು ನಿಂತು, ಕುಡಿದು ಬಂದವನನ್ನು ಅವನ ಮನೆಗೆ ಮುಟ್ಟಿಸಿ, ಊರಿನ ಎಲ್ಲ ಜಾತಿಯವರಿಂದ "ನಮ್ಮ ಅಯ್ಯನವರು" ಅನ್ನಿಸಿಕೊಂಡವರು ಇದ್ದಾರೆ. ಅವರ ಗಂಟಲು ಸಣ್ಣದು, ಇಂಗ್ಲಿಷ್ ಬರೋದಿಲ್ಲ, ಯಾವ ಗುಂಪೂ ಹಿಂದಿಲ್ಲ. ಹಾಗಾಗಿ ಅವರ ಹೆಸರು ಯಾವ ಪ್ಯಾನೆಲ್ಲಿಗೂ ಬರೋದಿಲ್ಲ. ಹದಿನೈದರಲ್ಲಿ ಹದಿನೈದೂ ಇರುವವರು ಹಳ್ಳಿಯಲ್ಲಿ ಉಳಿದರು, ಒಂದು ಮಾತ್ರ ಇರುವವರು ಫ್ಲೆಕ್ಸಿನಲ್ಲಿ ನಗ್ತಿದ್ದಾರೆ.

ಮುಂದಿನ ಸಲ ನಿಮ್ಮ ಊರಿನಲ್ಲಿ ಅಂಥ ಫ್ಲೆಕ್ಸ್ ಕಂಡರೆ ಅಲ್ಲೇ ಟೀ ಅಂಗಡಿಯಲ್ಲಿ ನಿಂತು ಕೇಳಿ ನೋಡಿ, "ಈ ಸ್ವಾಮಿಗಳು ಹೇಗೆ ಮನುಷ್ಯ?" ಅಂತ. ಬರುವ ಉತ್ತರವನ್ನು ದಯವಿಟ್ಟು ನಮ್ಮವರಿಗೂ ತಿಳಿಸಿ. ನಾವು ಕೇಳೋದನ್ನು ಬಿಟ್ಟು ಬಹಳ ದಿನವಾಯಿತು..

ಏನಂತೀರಿ?